ಬೀರುರಾಯರಿಗೆ ಮೂಲಿಕೆ ರಸ

ಬೀರುರಾಯರು ದಾಖಲೆ ಕೋಣೆಯ ಬಾಗಿಲವರೆಗೆ ಹೋಗಿ ವಾಪಸು ಬಂದದ್ದೇ ತಪ್ಪಾಯಿತು. ಸಾಹೇಬರು ಒಂದು ಕಡತ ಕೇಳಿದ್ದರು. ದಾರಿಯಲ್ಲಿ ಜವಾನ ತನ್ನ ಹಲ್ಲುನೋವಿನ ಪುರಾಣ ತೆಗೆದು ತಲೆ ತಿಂದ. ರಾಯರು ಹಿಂತಿರುಗಿ, "ಸಾಹೇಬ್ರು ಯಾವ ಕಡತ ಅಂದ್ರು?" ಎಂದು ಕೇಳಿದರು. ಅಷ್ಟೇ! ಸಣ್ಣಗಿರುವವರು ಮರೆತರೆ ಅದು ಬರೀ ಮರೆವು, ದಪ್ಪಗಿರುವವರು ಮರೆತರೆ ರೋಗ. ಇದ್ಯಾವ ನ್ಯಾಯ?

ಇಪ್ಪತ್ತೆರಡು ವರ್ಷದಿಂದ ದಾಖಲೆ ಕೋಣೆಯ ಕೀಲಿಕೈ ಇದ್ದದ್ದು ರಾಯರ ಸೊಂಟದಲ್ಲಿ. ಮೈ ಬೀರುವಿನಷ್ಟು ಅಗಲವಾದ್ದರಿಂದ ಆ ಅಡ್ಡಹೆಸರು. ಅಲ್ಲಿನ ಕಡತಗಳಿಗೆ ಪಟ್ಟಿಯೇ ಇರಲಿಲ್ಲ, ಪಟ್ಟಿ ಇದ್ದದ್ದು ರಾಯರ ತಲೆಯಲ್ಲಿ. ಯಾವ ಕಪಾಟು, ಎಷ್ಟನೇ ಹಲಗೆ ಎಂದು ಕಣ್ಣು ಮುಚ್ಚಿಕೊಂಡು ಹೇಳುವವರು.

ಟೈಪಿಸ್ಟ್ ಅಕ್ಕ ಆಗಲೇ ಪತ್ರಿಕೆಯ ತುಂಡೊಂದನ್ನು ಹಿಡಿದು ನಿಂತಿದ್ದರು. "ನೋಡಿ ರಾಯರೇ, ಬೊಜ್ಜು ಬೆಳೆದಷ್ಟೂ ಬುದ್ಧಿ ಮಂಕಾಗುತ್ತಂತೆ. ಗಿಡಮೂಲಿಕೆ ರಸ ಕುಡಿಸಿದ್ರೆ ನೆನಪು ವಾಪಸು ಬರಬಹುದಂತೆ. ದಪ್ಪ ಇಲಿಗಳಿಗೆ ಕೊಟ್ಟು ನೋಡಿದಾರೆ."

"ನಾನೇನು ಇಲಿಯೇನ್ರೀ?"

"ಅಷ್ಟು ಸಣ್ಣಗಿದ್ದಿದ್ರೆ ಈ ತೊಂದ್ರೆನೇ ಇರ್ತಿರಲಿಲ್ಲ," ಎಂದ ಜವಾನ.

ಅಕ್ಕನ ಭಾವ ಇಂಥದೇ ರಸ ಮಾರುತ್ತಿದ್ದ. ಚೀಲದಿಂದ ಬಾಟಲಿ ಹೊರಬಂತು. ಒಳಗಿದ್ದದ್ದು ಪಾಚಿಗಟ್ಟಿದ ತೊಟ್ಟಿಯ ನೀರಿನ ಬಣ್ಣದ್ದು.

ಗಲಾಟೆ ಕೇಳಿ ಸಾಹೇಬರು ಹೊರಗೆ ಬಂದರು. ಕಡ್ಡಿಯಂಥ ಮನುಷ್ಯ. "ಹಳೇ ಸೇತುವೆ ಕಡತ ಎಲ್ರೀ?"

"ಸೇತುವೆದಾ? ಸಾರ್, ಅದು ನಿಮ್ಮ..."

"ಸಬೂಬು ಬೇಡ! ನಾಲ್ಕು ಗಂಟೆಗೆ ಐದು ಕಡತ ಕೇಳ್ತೀನಿ. ಒಂದು ತಪ್ಪಿದ್ರೂ ಕೀಲಿಕೈ ಕೊಟ್ಟು ವಿಚಾರಣೆ ಕಿಟಕೀಲಿ ಹೋಗಿ ಕೂತ್ಕೊಳ್ಳಿ. ಅಲ್ಲೀವರೆಗೆ ಗಂಟೆಗೊಂದು ಲೋಟ ರಸ ಕುಡೀರಿ."

ರಾಯರ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷದ ಸೇವೆಗೆ ಸಿಕ್ಕ ಮರ್ಯಾದೆ ಇದೇನಾ? ಲೋಟ ಹಿಡಿದು ಕಾರಿಡಾರಿಗೆ ಬಂದು ಮೂಸಿ ನೋಡಿದರು. ತಕ್ಷಣ ಲೋಟವನ್ನು ಮುಖದಿಂದ ದೂರ ಹಿಡಿದರು. ಸಾಹೇಬರ ಬಾಗಿಲ ಪಕ್ಕ ಕುಂಡದಲ್ಲಿ ಒಂದು ಗಿಡವಿತ್ತು. ಸಾಹೇಬರೇ ನೀರೆರೆದು, ದಿನಾ ಎಲೆ ಒರೆಸಿ, ಹೆತ್ತ ಮಗುವಿನಂತೆ ಸಾಕಿದ್ದು. ಸುತ್ತ ಯಾರೂ ಇರಲಿಲ್ಲ.

"ಗಿಡದ ರಸ ಗಿಡಕ್ಕೇ ಸೇರಲಿ," ಎಂದು ಸುರಿದೇಬಿಟ್ಟರು.

ಎರಡನೇ ಲೋಟ, ಮೂರನೇದು, ನಾಲ್ಕನೇದೂ ಅಲ್ಲಿಗೇ ಹೋಯಿತು. ಖಾಲಿ ಲೋಟ ಕಂಡಾಗಲೆಲ್ಲ ಕಚೇರಿ ಮುತ್ತಿಕೊಳ್ಳುತ್ತಿತ್ತು. "ಇವತ್ತು ಯಾವ ವಾರ ಹೇಳಿ ರಾಯರೇ?" "ಇದೆಷ್ಟು ಬೆರಳು?" ಜವಾನನಂತೂ ತಾನು ಯಾರೆಂದು ಗೊತ್ತೇ ಎಂದು ಕೇಳಿದ. "ಗೊತ್ತಪ್ಪ, ಚೆನ್ನಾಗಿ ಗೊತ್ತು," ಎಂದು ರಾಯರು ಹಲ್ಲು ಕಡಿದರು.

ನಾಲ್ಕು ಗಂಟೆಗೆ ಎಲ್ಲರೂ ಸಾಹೇಬರ ಕೋಣೆಯಲ್ಲಿ ಸೇರಿದರು. ಕೇಳಿದ ಐದಕ್ಕೂ ರಾಯರು ಕಪಾಟು, ಹಲಗೆ, ಕಟ್ಟಿದ ದಾರದ ಬಣ್ಣ ಸಮೇತ ಹೇಳಿದರು. ಜವಾನ ಓಡಿ ಹೋಗಿ ಐದನ್ನೂ ತಂದ.

"ಇನ್ನು ಸೇತುವೆದು ಸಾರ್. ಮೂರು ತಿಂಗಳ ಹಿಂದೆ ನೀವೇ ತರಿಸಿಕೊಂಡ್ರಿ. ನಿಮ್ಮ ಎಡಗಡೆ ಡ್ರಾಯರಲ್ಲಿದೆ."

ಸಾಹೇಬರು ಡ್ರಾಯರು ಎಳೆದರು. ಕಡತ ಅಲ್ಲೇ ಇತ್ತು. ಕೋಣೆ ತುಂಬ ಚಪ್ಪಾಳೆ.

"ನೋಡಿದ್ರಾ ಸಾರ್!" ಅಕ್ಕ ಬಾಟಲಿ ಎತ್ತಿ ಹಿಡಿದರು. "ನಾಲ್ಕೇ ಲೋಟ!"

ಚಪ್ಪಾಳೆ ಬಾಟಲಿಗೆ! ರಾಯರ ಸಹನೆಯ ಕಟ್ಟೆಯೊಡೆಯಿತು. "ರಸಾನೂ ಇಲ್ಲ, ಮಣ್ಣೂ ಇಲ್ಲ! ಆ ನಾಲ್ಕು ಲೋಟಾನೂ ನಾನು..."

"ಸಾರ್! ನಿಮ್ಮ ಗಿಡ!" ಕಾರಿಡಾರಿನಿಂದ ಜವಾನ ಕೂಗಿಕೊಂಡ.

ಎಲ್ಲರೂ ಓಡಿದರು. ಎಲೆಗಳೆಲ್ಲ ಒದ್ದೆ ಬಟ್ಟೆಯಂತೆ ಜೋತುಬಿದ್ದಿದ್ದವು. ಸಾಹೇಬರ ಕಣ್ಣು ಕೆಂಪಾಯಿತು. "ಯಾವನ್ರೀ ಇದಕ್ಕೆ ವಿಷ ಹಾಕಿದ್ದು? ಸಿಗಲಿ ಅವನು, ಇಲ್ಲಿಂದಲೇ ಎತ್ತಂಗಡಿ ಮಾಡಿಸ್ತೀನಿ!" ಆಮೇಲೆ ರಾಯರ ಕಡೆ ತಿರುಗಿದರು. "ಆ ನಾಲ್ಕು ಲೋಟಾನ ನೀವು ಏನೋ ಅಂತಿದ್ರಲ್ಲ? ಏನು ಮಾಡಿದ್ರಿ?"

ರಾಯರು ಗಿಡ ನೋಡಿದರು, ಸೊಂಟದ ಕೀಲಿಕೈ ಮುಟ್ಟಿ ನೋಡಿಕೊಂಡರು.

"ಏನು ಹೇಳ್ತಿದ್ದೆ ಅನ್ನೋದೇ... ಮರೆತುಹೋಯ್ತು ಸಾರ್."

"ಅಯ್ಯೋ, ಮತ್ತೆ ಶುರುವಾಯ್ತು!" ಎಂದು ಅಕ್ಕ ಲೋಟ ತುಂಬಿಸಿದರು. "ಇನ್ಮೇಲೆ ದಿನಾ ಕುಡೀಬೇಕು, ನಮ್ಮೆಲ್ಲರ ಕಣ್ಣೆದುರಿಗೇ."

ಇಡೀ ಕಚೇರಿ ನೋಡುತ್ತಿದ್ದಂತೆ ಬೀರುರಾಯರು ಮೂಗು ಹಿಡಿದುಕೊಂಡು ಗಟಗಟನೆ ಕುಡಿದರು.