ಹಳೇ ವಾಡೆ, ಒಂದು ಹನಿಯ ಷರತ್ತು

ಹಳೇ ಮನೆ ಕೊಂಡವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಗೋಡೆಗೊಂದು ಮೊಳೆ ಹೊಡೆದರೂ ಸಾಕು, ಒಂದು ಪ್ರಸಂಗ ಉದುರುತ್ತದೆ, ಜೊತೆಗೆ ಒಂದು ಬುಟ್ಟಿ ಮಣ್ಣೂ. ಕಾಲೇಜಿನಲ್ಲಿ ನೌಕರಿಯುದ್ದಕ್ಕೂ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ನಾನು ವಿಜಯಪುರದ ಹಳೇ ಓಣಿಯೊಂದರಲ್ಲಿ ಪಾಳುಬಿದ್ದ ಕಲ್ಲಿನ ವಾಡೆ ಕೊಂಡೆ. ಮಾಳಿಗೆ ಹತ್ತಿದರೆ ಗೋಳಗುಮ್ಮಟ ಎದುರಿಗೇ ಕಾಣುತ್ತದೆ. ಹತ್ತಲಿಕ್ಕೆ ಮೆಟ್ಟಿಲುಗಳೇ ಉಳಿದಿರಲಿಲ್ಲ, ಆ ಮಾತು ಬೇರೆ.

ಮನೆಯ ದೊಡ್ಡವರು

ವಾಡೆಯ ಮಾಲೀಕರು ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವವರು. ಅಷ್ಟು ಪ್ರಾಮಾಣಿಕವಾಗಿ ಮನೆ ಮಾರುವವರನ್ನು ನಾನು ಕಂಡಿಲ್ಲ. ಕೀಲಿ ತೆಗೆಯುವ ಮೊದಲೇ ಶುರು ಮಾಡಿದರು.

"ತೊಲಿಗೆ ಗೆದ್ದಲ ಹತ್ತೈತ್ರಿ. ಹಿತ್ತಲ ಗ್ವಾಡಿ ಹೊಟ್ಟಿ ಬಿಟ್ಟೈತಿ. ಮಾಳಿಗಿದಂತೂ ಕೇಳಬ್ಯಾಡ್ರಿ, ಹೊರಗ ಮಳಿ ನಿಂತ್ರೂ ಒಳಗ ನಿಂದ್ರೂದಿಲ್ಲ."

ನಾನು ತಲೆಬಾಗಿಲಿನ ಕೆತ್ತನೆಯ ಮೇಲೆ ಕೈಯಾಡಿಸುತ್ತ, "ಎಷ್ಟು ಚಂದ ಐತ್ರಿ ಇದು!" ಎಂದೆ.

ಅವರು ನನ್ನ ಬಿಳಿಗೂದಲು ನೋಡಿದರು, ಮುಖ ನೋಡಿದರು. ಆಮೇಲೆ ಬಹಳ ಮೆತ್ತಗೆ ಕೇಳಿದರು: "ಸರ, ನಿಮ್ಮ ಮನ್ಯಾಗ ಯಾರರ ದೊಡ್ಡವ್ರು ಅದಾರೇನ್ರಿ? ಒಮ್ಮಿ ಕರಕೊಂಡ ಬರ್ರಿ."

ನನಗೆ ಅರವತ್ಮೂರು. ಮರುದಿನ ಹೆಂಡತಿಯನ್ನು ಕರಕೊಂಡು ಹೋದೆ. ಅವಳು ಪಡಸಾಲೆಯಲ್ಲಿ ನಿಂತು, ಮಾಳಿಗೆಯ ತೂತಿನೊಳಗಿಂದ ಆಕಾಶವನ್ನು ಸಾವಕಾಶ ನೋಡಿದಳು.

"ಕೊಳ್ರಿ, ರಿಪೇರಿ ಮಾಡ್ಸರಿ. ಆದ್ರ ಮೊದಲನೇ ದೊಡ್ಡ ಮಳ್ಯಾಗ ಒಳಗ ಒಂದು ಹನಿ ಬಿದ್ರೂ ಮನಿ ಮಾರೂದು. ಈ ವಯಸ್ಸಿನ್ಯಾಗ ಪಾತೇಲಿ ಹಿಡ್ಕೊಂಡು ನಾ ಮನಿತುಂಬ ಓಡ್ಯಾಡಾಂಗಿಲ್ಲ."

ನಾನು ಒಪ್ಪಿಕೊಂಡೆ. ಮಾಲೀಕರು ನನ್ನ ಕಿವಿಯಲ್ಲಿ ಹೇಳಿದರು: "ಇವರನ್ನ ನಿನ್ನೇನ ಕರಕೊಂಡ ಬರಬೇಕಿತ್ರಿ."

ಗೋಡೆಯ ಬೆಲ್ಲ

ಸಿಮೆಂಟು ಹಾಕಿದರೆ ಹಳೇ ಕಲ್ಲಿಗೆ ಉಸಿರು ಕಟ್ಟುತ್ತದೆ, ಸುಣ್ಣದ ಗಚ್ಚೇ ಆಗಬೇಕು ಎಂದ ಗೋಡೆ ಕಟ್ಟಲು ಬಂದ ನಮ್ಮ ಗೌಂಡಿ. ಗಚ್ಚಿಗೆ ಬೆಲ್ಲದ ನೀರು ಬೇಕು. ನಾನು ಬಬಲೇಶ್ವರದ ಸಂತೆಗೆ ಹೋಗಿ, ಇದ್ದಬದ್ದ ಬೆಲ್ಲದ ಪೆಂಟೆಗಳನ್ನೆಲ್ಲ ಕಟ್ಟಲು ಹೇಳಿದೆ.

"ಮಗಳ ಲಗ್ನ ಏನ್ರಿ?" ಎಂದ ಬೆಲ್ಲದವನು.

"ಇಲ್ಲಪಾ, ಗೋಡೆಗೆ."

ತಕ್ಕಡಿ ಹಿಡಿದ ಕೈ ನಿಂತಿತು. ಪಕ್ಕದ ಉಳ್ಳಾಗಡ್ಡಿಯವನನ್ನು ಕೂಗಿದ: "ಏ, ಬಾ ಇಲ್ಲಿ! ಇವರ ಮನ್ಯಾಗ ಗ್ವಾಡಿ ಬೆಲ್ಲ ತಿಂತಾವಂತ!"

ನಾನು ಸುಣ್ಣ, ಸಕ್ಕರೆಯ ಅಂಶ, ಹಿಡಿತ ಎಂದೆಲ್ಲ ಅಲ್ಲೇ ಒಂದು ಪಾಠ ಮಾಡಿದೆ. ಸಂತೆಯವರು ಸುತ್ತ ನಿಂತು ಕೇಳಿದರು. ಕಾಲೇಜಿನಲ್ಲಿ ಅಷ್ಟು ಮಂದಿ ಎಂದೂ ಕೇಳಿರಲಿಲ್ಲ. ವಾಪಸು ಬರುವಾಗ ಜೀಪಿನಲ್ಲಿ ಬೆಲ್ಲದ ನಡುವೆ ಕಾಲಿಡಲು ಜಾಗವಿಲ್ಲದೆ ಕುಳಿತವರಿಗೂ ಅದೇ ಪಾಠ ಆಯಿತು.

ವಿಜಯಪುರದಲ್ಲಿ ಇಳಿದಾಗ ಸೌಜನ್ಯಕ್ಕೆ, "ವಾಸ್ತುಶಾಂತಿಗೆ ಎಲ್ಲಾರೂ ಊಟಕ್ಕ ಬರ್ರಿ" ಎಂದೆ.

ಡ್ರೈವರ್ ಹೇಳಿದ: "ಊಟ ಯಾಕ ಬಿಡ್ರಿ ಸರ. ಒಂದು ಗ್ವಾಡಿ ತೋರಿಸ್ರಿ, ನೆಕ್ಕೊಂಡು ಹೋಗ್ತೀವಿ."

ಸುಣ್ಣದ ಪಾಠ

ಸುಣ್ಣದ ಕಲ್ಲನ್ನು ಗುಂಡಿಗೆ ಹಾಕಿದ ದಿನ ನನಗೆ ತಡೆಯಲಾಗಲಿಲ್ಲ. ಗೌಂಡಿಯ ಪಕ್ಕ ನೀರಿನ ಕೊಡ ಹಿಡಿದು ನಿಂತು, ನೀರು ಬಿದ್ದ ಕೂಡಲೇ ಒಳಗೆ ಏನೇನಾಗುತ್ತದೆ, ಶಾಖ ಎಲ್ಲಿಂದ ಹುಟ್ಟುತ್ತದೆ, ಕೊನೆಗೆ ಅದು ಗಾಳಿಯನ್ನು ಹೀರಿ ಮತ್ತೆ ಹೇಗೆ ಕಲ್ಲಾಗುತ್ತದೆ ಎಂದು ವಿವರಿಸತೊಡಗಿದೆ. ಅವನು ವಿನಯದಿಂದ ಕೇಳಿದ. ಬಿಸಿಲು ನೆತ್ತಿಗೆ ಬಂತು.

"ಸರ," ಎಂದ ಕೊನೆಗೆ, "ನೀವು ಹೇಳೂದೆಲ್ಲಾ ಖರೇ ಐತ್ರಿ. ಆದ್ರ ಸುಣ್ಣ ಬರೇ ಮಾತಿಗೆ ಅರಳೂದಿಲ್ಲ. ಆ ಕೊಡ ಹಿಡಕೊಂಡು ನಿಂದ್ರಬ್ಯಾಡ್ರಿ, ನೀರು ಹಾಕ್ರಿ."

ಕಟ್ಟೆಯ ಯಜಮಾನರು

ವಾಡೆಯ ಮುಂದೊಂದು ಕಲ್ಲಿನ ಕಟ್ಟೆ. ಮನೆ ಪಾಳುಬಿದ್ದರೂ ಕಟ್ಟೆ ಪಾಳುಬಿದ್ದಿರಲಿಲ್ಲ. ಓಣಿಯ ನಾಲ್ಕು ಮಂದಿ ಹಿರಿಯರು ದಿನಾ ಅಲ್ಲೇ ಕೂಡುತ್ತಿದ್ದರು. ಅದರ ಕಲ್ಲುಗಳು ಸಡಿಲಾಗಿದ್ದವು. ರಿಪೇರಿಗೆ ಏಳಿರೆಂದರೆ ಯಾರೂ ಏಳಲೊಲ್ಲರು.

"ನಾವು ಎದ್ದರ ನೀವು ಅಲ್ಲಿ ಕಾರು ನಿಲ್ಲಸ್ತೀರಿ," ಎಂದರು ಹಿರಿಯರಲ್ಲೇ ಹಿರಿಯರು.

"ನನಗ ಕಾರ ಇಲ್ರೀ ಯಜಮಾನ್ರ!"

"ಇವತ್ತಿಲ್ಲ. ನಾಳೆ ತಗೊಂಡ್ರ?"

ಗೌಂಡಿ ಉಪಾಯ ಹುಡುಕಿದ. ನಾಲ್ವರೂ ಎಡಕ್ಕೆ ಸರಿದರು, ಬಲಗಡೆ ಕಟ್ಟಿದ. ಅದು ಒಣಗಿದ ಮೇಲೆ ಬಲಕ್ಕೆ ಸರಿದರು, ಎಡಗಡೆ ಕಟ್ಟಿದ. ಎಲ್ಲ ಮುಗಿದ ಮೇಲೆ ಹಿರಿಯರು ಕೈಯಿಂದ ಕಲ್ಲು ಬಡಿದು ನೋಡಿ ನನಗೆ ಧೈರ್ಯ ಹೇಳಿದರು: "ಗಟ್ಟಿ ಆತ್ರಿ ಸರ. ಇನ್ನ ಮನಿ ಬಿದ್ರೂ ಚಿಂತಿಲ್ಲ."

ಮೊದಲನೇ ದೊಡ್ಡ ಮಳೆ

ಮಾಳಿಗೆಗೆ ಹೊಸ ಮಣ್ಣು ಬಡಿದದ್ದಾಯಿತು, ಅದರ ಅಂಚಿನಲ್ಲಿದ್ದ ಬೆಳಕಿಂಡಿಗೆ ಗಾಜು ಕೂಡಿಸಿದ್ದಾಯಿತು. ಗೌಂಡಿ ಮೇಲೆ ಹೋಗಬೇಡಿರೆಂದು ಹೇಳಿದ್ದ. ಹಸಿ ಮಣ್ಣು ಕಾಲಿಗೆ ಕಿತ್ತು ಬರುತ್ತದೆ. ಮಣ್ಣಿನ ಮೇಲೆ ನನಗೆ ನಂಬಿಕೆಯಿತ್ತು. ಬೆಳಕಿಂಡಿಯ ಮೇಲೆ ಇರಲಿಲ್ಲ, ಏಕೆಂದರೆ ಆ ಗಾಜಿನ ಸಂದಿಗೆ ಗಚ್ಚು ಮೆತ್ತಿದವನು ನಾನೇ, ಹಟ ಹಿಡಿದು.

ಒಂದು ಮಧ್ಯಾಹ್ನ ಸೊಲ್ಲಾಪುರ ರಸ್ತೆಯ ಕಡೆಯಿಂದ ಮೋಡ ಎದ್ದು ಬಂತು. ಹೆಂಡತಿ ಪಡಸಾಲೆಯ ನಟ್ಟನಡುವೆ ಮಣೆ ಹಾಕಿಕೊಂಡು, ಮೇಲೆ ನೋಡುತ್ತ ಕುಳಿತಳು. ಎದುರುಮನೆ ಅಜ್ಜಿ ಬಕೆಟ್ ಹಿಡಿದು ಬಂದಳು. ಹಿಂದಿನವರ ಕಾಲದಲ್ಲಿ ಮಳೆ ಬಂದರೆ ಓಣಿಯ ಪಾತ್ರೆಗಳೆಲ್ಲ ಈ ಮನೆಗೇ ಬರುತ್ತಿದ್ದವಂತೆ. ಅಜ್ಜಿ ಆ ಪದ್ಧತಿ ಬಿಟ್ಟಿರಲಿಲ್ಲ.

ನಾನು "ಈಗ ಬಂದೆ" ಎಂದು ಹೇಳಿ ಹಿತ್ತಲಿನ ಏಣಿ ಹತ್ತಿದೆ. ಮಣ್ಣು ತುಳಿಯದಂತೆ ಮಾಳಿಗೆಯ ಅಂಚುಗೋಡೆಯ ಮೇಲೆ ಕುಳಿತು, ಕೈ ಚಾಚಿ, ಬೆಳಕಿಂಡಿಗೆ ಕೊಡೆ ಹಿಡಿದೆ. ಕೊಡೆ ಒಂದೇ. ಅದು ಗಾಜಿಗೆ ಆಯಿತು, ನನಗೆ ಆಗಲಿಲ್ಲ. ಮಳೆ ಧೋ ಎಂದು ಸುರಿಯಿತು. ಗೋಳಗುಮ್ಮಟವೇ ಕಾಣದಾಯಿತು.

ಕೆಳಗಿನಿಂದ ಹೆಂಡತಿಯ ದನಿ ಕೇಳುತ್ತಿತ್ತು: "ಅಜ್ಜಿ, ಬೆಳಕಿಂಡ್ಯಾಗ ಯಾಕ ಇಷ್ಟು ಕತ್ತಲಿ?"

"ಮೋಡ ಭಾಳ ಕೆಳಗ ಬಂದೈತವಾ."

ಒಂದು ತಾಸು ಹೊಡೆದು ಮಳೆ ನಿಂತಿತು. ಕೊಡೆ ಮಡಚಿ, ಇಳಿದು, ವಿಜಯಿಯಂತೆ ಪಡಸಾಲೆಗೆ ನಡೆದೆ. ಅಜ್ಜಿಯ ಬಕೆಟ್ ಖಾಲಿ ಇತ್ತು. ನೆಲ ಒಣಗಿತ್ತು.

"ನೋಡಿದಿ? ಒಂದು ಹನಿ ಬಿತ್ತೇನು?" ಎಂದೆ.

ನನ್ನ ಅಂಗಿಯ ತುದಿ, ಧೋತರ, ಮೂಗು, ಮೂರೂ ಕಡೆಯಿಂದ ನೀರು ಟಪಟಪ ಇಳಿಯುತ್ತಿತ್ತು. ಅಜ್ಜಿ ಎದ್ದು, ಬಕೆಟನ್ನು ನನ್ನ ಕಾಲ ಬುಡಕ್ಕೆ ತಳ್ಳಿದಳು.

"ಮನಿ ಸೋರಿಲ್ಲ," ಎಂದಳು ಹೆಂಡತಿ, "ಮನಿ ಮಾರೂದಿಲ್ಲ. ಆದ್ರ ಒಳಗ ಹನಿ ಬಿದ್ದಾವು, ಮಾತು ಅಂದ್ರ ಮಾತು. ನಿಮ್ಮನ್ನ ಕೊಳ್ಳಾವ್ರು ತಿಕೋಟಾದಾಗ ಯಾರರ ಅದಾರೇನು, ಕೇಳ್ರಿ."

ಅಜ್ಜಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ತಲೆಯಾಡಿಸಿದಳು.

"ಇಷ್ಟು ಹಳೇದನ್ನ ಯಾರು ಕೊಳ್ತಾರವಾ? ನೀನ ರಿಪೇರಿ ಮಾಡ್ಕೊಂಡು ಇಟ್ಕೊ."