ಮೂರನೇ ಗ್ಯಾಸ್ಕೆಟ್ ಮತ್ತು ಉಸ್ತಾದರ ಉಗುರು

ಏನಾದರೊಂದು ತಮಾಷೆ ನಡೆಯದೆ ನಮ್ಮ ತಗಡಿನ ಶೆಡ್ಡಿನಲ್ಲಿ ಸಂಜೆಯಾಗುವುದೇ ಇಲ್ಲ. ಹುಮನಾಬಾದಿನ ರಸ್ತೆ ಬದಿಯ ಈ ಶೆಡ್ಡಿನ ಒಂದು ಭಾಗ ಅಪ್ಪನ ಸ್ಪೇರ್ ಪಾರ್ಟ್ಸ್ ಅಂಗಡಿ, ಇನ್ನೊಂದು ಭಾಗ ಉಸ್ತಾದರ ಗ್ಯಾರೇಜು. ಅಪ್ಪ ಮಾಲು ತರಲು ಹೋದಾಗ ಕೌಂಟರಿನಲ್ಲಿ ನಾನು ಕೂರುತ್ತೇನೆ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು. ಗಿರಾಕಿ ಸ್ವಲ್ಪ ಜೋರಾಗಿ ಕೇಳಿದರೂ ನನ್ನ ಕನ್ನಡ ಗಂಟಲಲ್ಲೇ ಕೂತುಬಿಡುತ್ತದೆ. ಹಾಗಾಗಿ ಹೆಚ್ಚು ನೋಡುತ್ತೇನೆ. ಪಕ್ಕದಲ್ಲಿ ಉಸ್ತಾದರಂಥವರು ಕೆಲಸ ಮಾಡುತ್ತಿದ್ದರೆ ನೋಡುವುದೇ ಸಾಕಷ್ಟಾಗುತ್ತದೆ.

ಇಲ್ಲಿರುವುದೆಲ್ಲ ಒಂದೇ ಜೀಪಿನ ಕಥೆ. ಮುಡಬಿಯ ಡ್ರೈವರಣ್ಣ ಒಬ್ಬರು ಬಸವಕಲ್ಯಾಣಕ್ಕೂ ಹುಮನಾಬಾದಿಗೂ ಸೀಟು ತುಂಬಿಕೊಂಡು ಓಡಿಸುವ ಜೀಪು. ಇಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ತೆಳ್ಳನೆಯ ಗ್ಯಾಸ್ಕೆಟ್ ಒಂದಿರುತ್ತದೆ. ನೀರು, ಆಯಿಲ್, ಬೆಂಕಿ ಒಂದಕ್ಕೊಂದು ಸೇರದಂತೆ ತಡೆಯುವುದು ಅದೇ. ಬೇರೆ ಕಡೆ ಹಾಕಿಸಿದ ಎರಡು ಗ್ಯಾಸ್ಕೆಟ್ ಬೇಗ ಬೇಗ ಸುಟ್ಟುಹೋಗಿದ್ದವು.

“ಮೂರನೇದೂ ಹೋತಂದ್ರ ಗಾಡಿ ಗುಜರಿ ಭಂಗಾರಕ್ಕ ಹಾಕಿ ಕೂಲಿಗಿ ಹೋಗ್ತೇನ್ರಿ ಉಸ್ತಾದ,” ಎಂದರು ಡ್ರೈವರಣ್ಣ. ಹೇಳುವಾಗ ನಗುತ್ತಿದ್ದರು, ಆದರೆ ಕೈ ಮಾತ್ರ ಬಾನೆಟ್ಟನ್ನು ಸವರುತ್ತಿತ್ತು.

ಹೆಚ್ಚುವ ಆಯಿಲ್

ಮೊದಲ ದಿನ ಉಸ್ತಾದರು ರೋಗಿಯ ವಿಚಾರಣೆ ಮಾಡಿದರು. “ನೀರು ಸೋರ್ತದೇನ್ರಿ?”

“ಒಂದು ಹನಿ ಸೋರಂಗಿಲ್ರಿ. ಹಾಕಿದಷ್ಟೂ ಕುಡೀತದ.”

“ಆಯಿಲ್?”

ಡ್ರೈವರಣ್ಣನ ಮುಖ ಅರಳಿತು. “ಅದೊಂದು ಭಾಳ ಛಲೋ ಅದ ನೋಡ್ರಿ. ತಿಂಗಳಾತು, ಒಂದು ತೊಟ್ಟು ಹಾಕಿಲ್ಲ. ಆದ್ರೂ ಹೆಚ್ಚಾಗಾಕತ್ತದ.”

ಉಸ್ತಾದರು ಆಯಿಲ್ ಅಳೆಯುವ ಕಡ್ಡಿ ಎಳೆದು ತೋರಿಸಿದರು. ಅದಕ್ಕೆ ಹತ್ತಿದ್ದ ಆಯಿಲ್ ಕ್ಯಾಂಟೀನಿನ ಹಾಲುಚಹಾದ ಬಣ್ಣಕ್ಕೆ ತಿರುಗಿತ್ತು. ಕುಡಿದ ನೀರೆಲ್ಲ ಆಯಿಲ್ಲಿಗೆ ಸೇರಿಕೊಂಡಿತ್ತು.

“ಮಾಲಕರ,” ಎಂದರು ಉಸ್ತಾದರು ಬಹಳ ಮೆತ್ತಗೆ, “ಆಕಳಾದ್ರ ಹಿಂಡಬಹುದು. ಇಂಜಿನ್ ಆಯಿಲ್ ಕೊಡಂಗಿಲ್ರಿ.”

ಕಲ್ಯಾಣದ ಕ್ವಾಟಿ

ಹೆಡ್ ಎತ್ತಿದಾಗ ಒಳಗಿನ ಮುಖ ನೋಡುವಂತಿರಲಿಲ್ಲ. ಹಳೆಯ ಗ್ಯಾಸ್ಕೆಟ್ಟಿನ ಚೂರು, ಅದರ ಮೇಲೆ ಕೆಂಪು ಅಂಟು, ಅಂಟಿನ ಮೇಲೆ ಇನ್ನೊಂದು ಗ್ಯಾಸ್ಕೆಟ್ಟಿನ ಚೂರು, ಎಲ್ಲದರ ಮೇಲೆ ಬೆಳ್ಳಿ ಬಣ್ಣ. ಹಿಂದಿನವರು ಯಾರೂ ಕೆರೆದು ತೆಗೆದಿರಲಿಲ್ಲ.

“ಬೇಟಾ, ಬಾ ಇಲ್ಲಿ,” ಎಂದು ನನ್ನನ್ನು ಕರೆದರು. “ಇದು ಇಂಜಿನ್ ಅಲ್ಲ, ಕಲ್ಯಾಣದ ಕ್ವಾಟಿ. ಎಷ್ಟು ಮಂದಿ ರಾಜರು ಆಳಿ ಹೋಗ್ಯಾರ ನೋಡು.”

ಸಿಲಿಂಡರಿನ ಬಾಯಿಗಳಿಗೆ ಸ್ವಚ್ಛ ಬಟ್ಟೆ ತುರುಕಿ, ಹಿತ್ತಾಳೆ ಪಟ್ಟಿ ಹಿಡಿದು ಒಂದೊಂದೇ ರಾಜನನ್ನು ಇಳಿಸತೊಡಗಿದರು. ಅರ್ಧ ದಿನ ಕಳೆಯಿತು. ತಾಳ್ಮೆ ಕೆಟ್ಟ ಡ್ರೈವರಣ್ಣ ಎದುರಿನ ವೆಲ್ಡಿಂಗ್ ಅಂಗಡಿಯಿಂದ ಗ್ರೈಂಡರ್ ಎತ್ತಿಕೊಂಡು ಬಂದರು. “ಐದು ನಿಮಿಷದ ಕೆಲಸ ಅದರಿ ಇದು.”

ಉಸ್ತಾದರು ವಾದ ಮಾಡಲಿಲ್ಲ. ಗ್ರೈಂಡರ್ ಇಸಿದುಕೊಂಡು ಡ್ರೈವರಣ್ಣನ ಬುತ್ತಿ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಜೋಳದ ರೊಟ್ಟಿ, ಪುಂಡಿಪಲ್ಯ. ಒಂದು ಹಳೆಯ ಕಬ್ಬಿಣದ ತುಂಡನ್ನು ಅದರ ಮೇಲೆ ಹಿಡಿದು, “ಇಲ್ಲಿ ತಿರುಗಿಸ್ತೇನಿ. ಬಿದ್ದ ಉಸುಕಿನ ಸಂಗಾಟ ನೀವು ಉಣ್ರಿ,” ಎಂದರು.

“ನಾ ಯಾಕ ಉಣ್ಲಿರಿ?”

“ಮತ್ತ ಇಂಜಿನ್ ಯಾಕ ಉಣಬೇಕು? ಈ ಉಸುಕು ಆಯಿಲ್‌ನಾಗ ಸೇರಿ ಬೇರಿಂಗ್ ತಿಂತದ.”

ಡ್ರೈವರಣ್ಣ ಡಬ್ಬಿಯನ್ನು ಎದೆಗವಚಿಕೊಂಡು ಹೋಗಿ, ಗ್ರೈಂಡರ್ ವಾಪಸ್ ಕೊಟ್ಟು, ಅಲ್ಲೇ ನಿಂತು ಉಂಡು ಬಂದರು. ಈ ಕಡೆ ಬಂದು ಉಣ್ಣುವ ಧೈರ್ಯ ಆಗಲಿಲ್ಲವಂತೆ.

ಉಗುರು

ಉಸ್ತಾದರ ಎಡಗೈ ಹೆಬ್ಬೆರಳಿಗೆ ಉದ್ದನೆಯ ಉಗುರಿದೆ; ಅದೂ ಅವರ ಕೆಲಸದ ಸಾಮಾನೇ. ಮಗಳ ನಿಶ್ಚಿತಾರ್ಥದ ದಿನ ಅವರ ಹೆಂಡತಿ ನೇಲ್ ಕಟ್ಟರ್ ಹಿಡಿದು ಬೆನ್ನು ಹತ್ತಿದರೆ, “ಬೀಗರು ಬರ್ತಾರಂತ ಸಾಮಾನು ಮುರೀತಾರೇನು?” ಎಂದು ಕೈಯನ್ನು ಜೇಬಿಗೆ ಹಾಕಿಕೊಂಡೇ ಶಾಸ್ತ್ರ ಮುಗಿಸಿದರಂತೆ.

ಕೆರೆದು ಒರೆಸಿದ ಹೆಡ್ಡಿನ ಮೇಲೆ ಆ ಉಗುರನ್ನು ಓಡಿಸಿದರು. ಎರಡನೇ ಮತ್ತು ಮೂರನೇ ಸಿಲಿಂಡರ್ ನಡುವೆ ನಿಂತಿತು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಉಕ್ಕಿನ ಪಟ್ಟಿ ಅಡ್ಡ ಇಟ್ಟು, ಸಂದು ಅಳೆಯುವ ಫೀಲರ್ ಗೇಜಿನ ತೆಳುವಾದ ಎಲೆಯನ್ನು ನನ್ನ ಕೈಗೆ ಕೊಟ್ಟರು. ಸರಿಯಾಗಿ ಅಲ್ಲೇ ಅದು ಸಲೀಸಾಗಿ ಒಳಗೆ ಜಾರಿತು. ಬೆಂಕಿ ಅಲ್ಲಿ ಸಣ್ಣ ದಾರಿ ಕೊರೆದಿತ್ತು.

ಹೆಡ್ಡಿನ ಮುಖವನ್ನು ಸಮ ಮಾಡಿಸಲು ಬಸವಕಲ್ಯಾಣದ ಲೇಥಿಗೆ ಒಯ್ಯಬೇಕಾಯಿತು. “ಬರೋ ಮುಂದ ಮುಖಕ್ಕ ಏನೂ ತಾಗಬಾರದು,” ಎಂದಿದ್ದರು ಉಸ್ತಾದರು. ಡ್ರೈವರಣ್ಣ ಅದನ್ನು ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಪಕ್ಕದ ಹೆಂಗಸು ಪಾಪ ಎಂದು ಕಿಟಕಿ ಸೀಟು ಬಿಟ್ಟುಕೊಟ್ಟು, “ಗಂಡೋ ಹೆಣ್ಣೋ ಅಣ್ಣಾ?” ಎಂದು ಕೇಳಿದಳಂತೆ.

“ನಾಲ್ಕು ಸಿಲಿಂಡರ್‌ದವ್ವ,” ಎಂದರಂತೆ ಇವರು.

ಕಾವಲು

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಬ್ಲಾಕು ಕನ್ನಡಿಯಾಗಿತ್ತು. ಬೋಲ್ಟಿನ ತೂತುಗಳಲ್ಲಿ ನಿಂತ ನೀರನ್ನೂ ಉಸ್ತಾದರು ಗಾಳಿ ಹೊಡೆದು ತೆಗೆದಿದ್ದರು. ಒಂದು ತೊಟ್ಟು ಉಳಿದರೂ ಬಿಗಿಯುವಾಗ ಬ್ಲಾಕು ಸೀಳುತ್ತದಂತೆ. ಕೊನೆಗೆ ಥಿನ್ನರಿನಿಂದ ಒರೆಸಿ, ಬಿಳಿ ಬಟ್ಟೆ ಹೊದಿಸಿ, “ನಮಾಜಿಗಿ ಹೋಗಿ ಬರ್ತೇನಿ ಬೇಟಾ. ಯಾರಿಗೂ ಕೈ ಹಚ್ಚಗೊಡಬ್ಯಾಡ. ಬೆರಳಿನ ಜಿಡ್ಡು ಕುಂತರೂ ಗ್ಯಾಸ್ಕೆಟ್ ಹಿಡಿಯಂಗಿಲ್ಲ,” ಎಂದು ಹೋದರು.

ಅವರು ಹೋದರು, ಡ್ರೈವರಣ್ಣನ ತಾಯಿ ಬಂದರು. ಮಾಣಿಕನಗರದ ಗುಡಿಗೆ ಹೋಗಿ ಪ್ರಸಾದ ತಂದಿದ್ದರು. ತಟ್ಟೆಯಲ್ಲಿ ಅರಿಷಿಣ, ಎಣ್ಣೆಯಲ್ಲಿ ಕಲಸಿದ ಕುಂಕುಮ, ವಿಭೂತಿ, ಚೆಂಡುಹೂವು, ಸಣ್ಣ ದೀಪ. ಮೂರನೇ ಗ್ಯಾಸ್ಕೆಟ್ ಉಳಿಯಬೇಕೆಂದರೆ ಪೂಜೆ ಇಂಜಿನ್ನಿನ ಹೊಟ್ಟೆಗೇ ಆಗಬೇಕು ಎಂದು ನಿಶ್ಚಯಿಸಿಕೊಂಡೇ ಬಂದಿದ್ದರು. ನೇರ ಹೋಗಿ ಬಿಳಿ ಬಟ್ಟೆ ಸರಿಸಿದರು.

“ಅಜ್ಜಿ, ಬೇಡ... ಸರ್ಫೇಸ್... ಅದು ಕ್ಲೀನ್ ಇದೆ,” ಎಂದೆ. ಅಷ್ಟೇ ಬಂದಿದ್ದು.

“ಹೌದವ್ವ. ಸಾಪ್ ಇದ್ದಲ್ಲೇ ದೇವ್ರು ಬರ್ತಾನ,” ಎಂದು ಕುಂಕುಮದಲ್ಲಿ ಬೆರಳು ಅದ್ದಿದರು.

ಹಿರಿಯರ ಕೈ ಹಿಡಿಯುವ ಧೈರ್ಯ ನನಗಿಲ್ಲ. ಬಟ್ಟೆಯನ್ನು ಎಳೆದು ಮತ್ತೆ ಮುಚ್ಚಿ, ದುಪಟ್ಟಾ ಸೊಂಟಕ್ಕೆ ಸುತ್ತಿ, ತಲೆಯನ್ನೇ ಅಡ್ಡ ಒಡ್ಡಿದೆ. ಕುಂಕುಮ ನನ್ನ ಹಣೆಗೆ ಬಿತ್ತು.

“ತಡಿಯವ್ವ, ಅವಸರ ಮಾಡಬ್ಯಾಡ. ನಿನಗೂ ಹಚ್ತೇನಿ.” ಅಜ್ಜಿ ಎಡಕ್ಕೆ ಬಂದರು, ನಾನೂ ಎಡಕ್ಕೆ ಹೋದೆ. ವಿಭೂತಿ ಬಂತು. ಬಲಕ್ಕೆ ಹೋದರು, ಎರಡೂ ಕೆನ್ನೆಗೆ ಅರಿಷಿಣ. ಅಜ್ಜಿ ನಿಂತು ನನ್ನನ್ನೇ ನೋಡಿದರು. ದನಿ ಮೆತ್ತಗಾಯಿತು. “ಲಗ್ನ ಕೂಡಿ ಬರವಲ್ದೇನು ತಂಗಿ? ಪಾಪ, ಇಷ್ಟು ಆಸೆ ಇಟ್ಕೊಂಡೀದಿ.” ಉಳಿದ ಹೂವನ್ನೆಲ್ಲ ನನ್ನ ತಲೆಗೆ ಹಾಕಿ ಆರತಿ ಬೆಳಗಿದರು.

ಉಸ್ತಾದರು ಬಂದವರು ಮೊದಲು ನನ್ನನ್ನು ನೋಡಲಿಲ್ಲ. ಬಟ್ಟೆ ಎತ್ತಿ, ಬಗ್ಗಿ, ಬೆಳಕಿಗೆ ಅಡ್ಡಲಾಗಿ ಬ್ಲಾಕನ್ನು ನೋಡಿದರು. ಒಂದು ಬೆರಳ ಗುರುತೂ ಇರಲಿಲ್ಲ. “ಶಾಬಾಸ್,” ಎಂದು ತಲೆ ಎತ್ತಿದವರು ಎರಡು ಹೆಜ್ಜೆ ಹಿಂದೆ ಸರಿದರು.

ಆ ಸಂಜೆಯೇ ಗ್ಯಾಸ್ಕೆಟ್ ಕೂತಿತು. ನಡುವಿನಿಂದ ಹೊರಕ್ಕೆ, ಒಂದೊಂದೇ ಬೋಲ್ಟು ಅಳತೆಯಂತೆ ಬಿಗಿಯಾಯಿತು. ಜೀಪು ಈಗಲೂ ದಿನಾ ನಮ್ಮೆದುರೇ ಓಡುತ್ತದೆ; ನೀರು ಕುಡಿಯುವುದಿಲ್ಲ, ಆಯಿಲ್ ಹೆಚ್ಚುವುದಿಲ್ಲ. ಆದರೆ ಅಜ್ಜಿ ಊರೂರಲ್ಲಿ ಹೇಳಿದ್ದು ಉಸ್ತಾದರ ಉಗುರಿನ ಮಹಿಮೆಯನ್ನಲ್ಲ. ಮೊನ್ನೆ ಬೇಮಳಖೇಡದಿಂದ ಟೆಂಪೊ ತಂದವರೊಬ್ಬರು ಹೆಡ್ ಬಿಚ್ಚಿಸಿ, ಕುಂಕುಮದ ಬಟ್ಟಲು ಹಿಡಿದು ಸೀದಾ ನನ್ನ ಕೌಂಟರಿಗೆ ಬಂದರು. “ಮೊದಲ ಈ ತಂಗಿಗಿ ಪೂಜಿ ಮಾಡಬೇಕಂತಲ್ರಿ. ಅಂದ್ರ ಗ್ಯಾಸ್ಕೆಟ್ ಹೋಗಂಗಿಲ್ಲಂತ.”

ನಾನು ಸಹಾಯಕ್ಕೆಂದು ಉಸ್ತಾದರ ಕಡೆ ನೋಡಿದೆ. ಅವರು ಬ್ಲಾಕಿನಿಂದ ತಲೆ ಎತ್ತಲೇ ಇಲ್ಲ.

“ಮಾಡಿಸ್ಕೊ ಬೇಟಾ,” ಎಂದರು. “ಅವರ ಕೈ ನಿನ್ನ ಹಣಿ ಮ್ಯಾಲ ಇರೋತನಕ ನನ್ನ ಬ್ಲಾಕ್ ಮ್ಯಾಲ ಬರಂಗಿಲ್ಲ.”