ಟಗರಿಗೆ ಮೊಸರನ್ನ ಬಡಿಸಿದ್ದು

ವಾದದಲ್ಲಿ ಅಪ್ಪನನ್ನು ಸೋಲಿಸುವುದು ನನಗೆ ಕಷ್ಟದ ಕೆಲಸವಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳು ಅಷ್ಟನ್ನಾದರೂ ಕಲಿಸಿವೆ.

ಅಣ್ಣನ ಮದುವೆ ಮುಗಿದಿತ್ತು; ಭಾನುವಾರ ಬೀಗರ ಊಟ. ಅತ್ತಿಗೆಯ ಕಡೆಯವರು ಬಾಡೂಟದಲ್ಲಿ ಒಂದು ಕೊರತೆ ಕಂಡರೆ ಅದನ್ನು ಮೊಮ್ಮಕ್ಕಳಿಗೂ ಹೇಳಿ ಹೋಗುವ ಜನ. ಆದ್ದರಿಂದ ಅಪ್ಪ ಮೊದಲೇ ಟಗರು ತಂದು, ಹೂಟಗಳ್ಳಿಯ ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಕಟ್ಟಿ, ಹಸಿಹುಲ್ಲು ಹಾಕಿ ಸಾಕುತ್ತಿದ್ದರು.

"ಮೇವು ಚೆನ್ನಾಗಿದ್ರೆ ಬಾಡು ಚೆನ್ನಾಗಿರ್ತದೆ ಕಣಮ್ಮ," ಎಂದರು.

ಪುರಾವೆ ಕೇಳಿದೆ. ನಾಲಿಗೆ ಚಾಚಿ ತೋರಿಸಿದರು. ಇದನ್ನು ಯಾವ ತೀರ್ಪುಗಾರರೂ ಒಪ್ಪುವುದಿಲ್ಲ. ಹಟಕ್ಕೆ ಬಿದ್ದು ನಾನೇ ಓದಿದೆ. ದುರದೃಷ್ಟವಶಾತ್ ಅಪ್ಪ ಹೇಳಿದ್ದು ಬಹುಮಟ್ಟಿಗೆ ನಿಜವಾಗಿತ್ತು: ಕುರಿಯ ಹೊಟ್ಟೆಯಲ್ಲಿ ಮೇವನ್ನು ಹುದುಗಿಸುವ ಸೂಕ್ಷ್ಮಜೀವಿಗಳಿಗೆ ಮಾಂಸದ ಕೊಬ್ಬಿನಲ್ಲೂ ರುಚಿಯಲ್ಲೂ ಕೈವಾಡವಿದೆ.

ಸೋಲೊಪ್ಪುವ ಬದಲು ನಾನು ಒಂದು ಹೆಜ್ಜೆ ಮುಂದೆ ಹೋದೆ. ಜೀವಿಗಳೇ ಮುಖ್ಯವಾದರೆ ಒಳ್ಳೆಯ ಜೀವಿಗಳನ್ನೇ ಕೊಡೋಣ. ಅವು ಮೊಸರಿನಲ್ಲಿವೆ. ಬರೀ ಮೊಸರು ಹೇಗೆ ತಿಂದೀತು? ಅನ್ನ ಕಲಸಿದೆ. ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ! ಗುರುವಾರ ಬೇಸಿನ್ ತುಂಬ ಬಡಿಸಿದೆ. ಟಗರು ತಳ ನೆಕ್ಕಿತು. ಎದುರು ಪಕ್ಷದಿಂದ ಆಕ್ಷೇಪಣೆ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅದರ ಎಡಪಕ್ಕೆ ತಮಟೆಯಂತೆ ಬಿಗಿದಿತ್ತು. ಮೆಲುಕು ನಿಂತಿತ್ತು. ಅಪ್ಪ ಪಶುವೈದ್ಯೆಗೆ ಫೋನ್ ಮಾಡಿದರು.

ಅವರು ಬಂದು ಏನು ಕೊಟ್ಟಿರೆಂದು ವಿಚಾರಿಸಿದರು. ಹೇಳಿದೆ.

"ಉಪ್ಪಿನಕಾಯಿ ಹಾಕಿದ್ರಾ?" ಎಂದರು.

ಹುಲ್ಲಿಗೆ ಒಗ್ಗಿದ ಹೊಟ್ಟೆಗೆ ಒಮ್ಮೆಲೇ ಅನ್ನದ ರಾಶಿ ಬಿದ್ದರೆ ಹುಳಿ ಹುಟ್ಟಿಸುವ ಜೀವಿಗಳು ಮೇಲುಗೈ ಪಡೆದು ಉಳಿದವನ್ನು ಸಾಯಿಸುತ್ತವಂತೆ. ಹುಳಿ ಇಳಿಯಲೆಂದು ಅಡುಗೆಸೋಡಾ ಕದಡಿ ಕುಡಿಸಿದರು, ಇಂಜೆಕ್ಷನ್ ಕೊಟ್ಟರು. ಇನ್ನು ಸರಿಯಾದ ಜೀವಿಗಳು ಮರಳಬೇಕಲ್ಲ? ಅದಕ್ಕೆ ಆರೋಗ್ಯವಾಗಿರುವ ಕುರಿ ಮೆಲುಕು ಹಾಕುವಾಗ ಅದರ ಬಾಯಿಂದಲೇ ಒಂದಿಷ್ಟು ತೆಗೆದು, ನೀರಲ್ಲಿ ಕದಡಿ ಇದಕ್ಕೆ ಕುಡಿಸಬೇಕೆಂದರು.

ಲೋಟ ಹಿಡಿದು, ಹಿಂದಿನ ಬೀದಿಯಲ್ಲಿ ಕುರಿ ಸಾಕಿರುವ ಲಕ್ಷ್ಮಮ್ಮನ ಮನೆಗೆ ಹೋದೆ. ವಿಷಯ ಕೇಳಿ ಅವರು ನನ್ನನ್ನೂ ಲೋಟವನ್ನೂ ಸರದಿಯಂತೆ ನೋಡಿದರು.

"ಕಾಪಿಪುಡಿ, ಸಕ್ರೆ ಕೇಳ್ಕೊಂಡು ಬರೋರ್ನ ಕಂಡಿವ್ನಿ ಕಣವ್ವ. ಕುರಿ ಅಗಿದಿದ್ನ ಕೇಳೋ ಅಷ್ಟು ಏನ್ ಬಂದ್ಬುಡ್ತು ನಿಮ್ಮನೆಗೆ?"

ದವಡೆ ಹಿಡಿದದ್ದು ಅವರು. ಕೈ ಹಾಕಿದ್ದು ನಾನು. ಆ ಬಿಸಿ ಹಸಿರು ಮುದ್ದೆಯ ವಾಸನೆ ನಾಲ್ಕು ಸೋಪಿಗೂ ಜಗ್ಗಲಿಲ್ಲ.

ಶನಿವಾರ ಟಗರು ಮತ್ತೆ ಮೆಲುಕು ಹಾಕಿತು. ನನಗೆ ಜೀವ ಬಂತು. ಆದರೆ ಔಷಧಿ ಮಾಂಸದಲ್ಲಿ ಉಳಿಯುವುದರಿಂದ ಕೆಲವು ವಾರ ಕುಯ್ಯುವಂತಿಲ್ಲ ಎಂದು ವೈದ್ಯೆ ಹೇಳಿದ್ದರು. ಭಾನುವಾರದ ಮಾನ ಉಳಿಸುವ ಹೊಣೆ ಮಟನ್ ಅಂಗಡಿಯ ಪಾಲಾಯಿತು.

ಊಟದಲ್ಲಿ ಅತ್ತಿಗೆಯ ದೊಡ್ಡಪ್ಪ ಮೊದಲ ತುತ್ತು ನಿಧಾನವಾಗಿ ಅಗಿದರು. ಅಪ್ಪ ಸಾರಿನ ಬಕೆಟ್ ಹಿಡಿದು ಎದುರಿಗೇ ನಿಂತಿದ್ದರು. ದೊಡ್ಡಪ್ಪ ಮೂಳೆಯೊಂದನ್ನು ಸೊರ್ರನೆ ಹೀರಿ ತಲೆದೂಗಿದರು.

"ಬಾಡು ಬಲು ರುಚಿ ಬೀಗ್ರೆ. ಟಗರಿಗೆ ಏನ್ ಮೇಯ್ಸಿದ್ರಿ?"

ಅಪ್ಪ ಎರಡು ದಿನದ ಬಳಿಕ ಮೊದಲ ಸಲ ನಕ್ಕರು. "ಇದು ಅಂಗಡೀದು. ನಮ್ಮ ಹುಡುಗಿ ಮೇಯ್ಸಿದ್ದು ಅಗೋ, ಅಲ್ಲಿ ಇನ್ನೂ ಮೇಯ್ತಾ ಅದೆ."

ಇಡೀ ಪಂಕ್ತಿ ನಕ್ಕಿತು. ನನ್ನ ಬಳಿ ಮೂರು ಒಳ್ಳೆಯ ಮರುವಾದಗಳಿದ್ದವು. ಬಾಯಲ್ಲಿ ನಲ್ಲಿಮೂಳೆಯೂ ಇತ್ತು.

ಮೂಳೆಯನ್ನೇ ಆರಿಸಿಕೊಂಡೆ.